ವಾಜಿದ್ ಸರಿಸಿದ ತಟ್ಟೆ

ಹಳೇ ಪೇಟೆ, ಯಲಹಂಕ
ಭಾನುವಾರ, ೬ ಫೆಬ್ರವರಿ ೧೯೮೩

ಪ್ರೀತಿಯ ಕುಲ್ಸುಮ್ ಆಪಾ,

ನಿನ್ನ ತಾಹೆರಾಳ ಸಲಾಂ. ಮೊದಲು ಮಂಡಿಯ ಸಮಾಚಾರ ಹೇಳು. ನೋವು ಇಳಿಯಿತೋ, ಇಲ್ಲ ಇನ್ನೂ ಮೆಟ್ಟಿಲು ಹತ್ತುವಾಗೆಲ್ಲ ಅಲ್ಲಾನನ್ನೂ ನನ್ನನ್ನೂ ಒಟ್ಟಿಗೇ ಕೂಗುತ್ತಿದ್ದೀಯೋ? ಕಳೆದ ಸಲ ಕಳಿಸಿದ ಎಣ್ಣೆಯನ್ನು ನೀನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರುತ್ತೀಯ, ನನಗೆ ಗೊತ್ತಿಲ್ಲವೇ ನಿನ್ನ ಬುದ್ಧಿ. ಮಂಡಿ ನೋವು ನಿನಗೆ, ಬೀರುವಿಗಲ್ಲ. ದಿನಾ ಮಲಗುವ ಮುಂಚೆ ಬಿಸಿ ಮಾಡಿ ಹಚ್ಚಿಕೋ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಮ್ಮಿಯ ಬಲಗಣ್ಣಿಗೆ ಪೊರೆ ಬಂದಿದೆ. ಆಪರೇಷನ್ ಮಾಡಿಸೋಣ ಅಂದರೆ, "ಕುಲ್ಸುಮ್ ಬರಲಿ, ಆಮೇಲೆ ತೆಗೆಸ್ಕೋತೀನಿ, ಅಲ್ಲೀವರೆಗೂ ನೋಡೋಕೆ ಏನಿದೆ ಈ ಊರಲ್ಲಿ?" ಅನ್ನುತ್ತಾಳೆ. ದಿನಾ ಎದುರಿಗೇ ಓಡಾಡುವ ನಾನು ಹಾಗಾದರೆ ನೋಡುವುದಕ್ಕೆ ಲಾಯಕ್ಕಿಲ್ಲ. ಕಣ್ಣು ಮಂಜಾದರೂ ಯಾರು ಚಹಾಕ್ಕೆ ಎಷ್ಟು ಸಕ್ಕರೆ ಹಾಕಿಕೊಂಡರು ಅನ್ನುವುದು ಮಾತ್ರ ಹಿತ್ತಿಲಲ್ಲಿ ಕೂತೇ ಕಾಣುತ್ತದೆ ಅವಳಿಗೆ. ಮೂವತ್ತೊಂಬತ್ತು ವಯಸ್ಸಿನ ಈ ಸ್ಕೂಲು ಮೇಡಂಗೆ, ಅಂದರೆ ನನಗೆ, ಗಂಡು ಹುಡುಕುವ ಆಸೆಯನ್ನೂ ಇನ್ನೂ ಬಿಟ್ಟಿಲ್ಲ.

ನಿಮ್ಮ ಬೀದಿಯ ತಾಜುದ್ದೀನ್ ಚಾಚಾ ಶಿವಾಜಿನಗರದ ತಮ್ಮ ತಂಗಿಯ ಮನೆಯ ಮದುವೆ ಮುಗಿಸಿಕೊಂಡು ಇವತ್ತು ಹೊರಟಿದ್ದಾರೆ. ಸಂಜೆ ದೆಹಲಿ ಗಾಡಿ, ಅಲ್ಲಿಂದ ಅಟಾರಿ, ಆಮೇಲೆ ಲಾಹೋರು, ನಿನ್ನ ಕರಾಚಿ. ನಮ್ಮನ್ನು ನೋಡಿ ಹೋಗೋಣ ಅಂತ ಬೆಳಿಗ್ಗೆಯೇ ಯಲಹಂಕಕ್ಕೆ ಬಂದು ಜಗಲಿಯಲ್ಲಿ ಕೂತಿದ್ದಾರೆ. ಮೂರನೆಯ ಚಹಾ ಆಯಿತು. ನಾನು ಬರೆಯುವುದನ್ನೇ ನೋಡುತ್ತಾ, "ಇಷ್ಟೊಂದು ಸುತ್ತಿ ಸುತ್ತಿ ಏನಮ್ಮಾ ಬರೀತೀಯಾ?" ಅಂತ ಈಗ ತಾನೇ ಕೇಳಿದರು. ನಿನ್ನ ಅತ್ತೆ ಬದುಕಿದ್ದಾಗ ನನ್ನ ಕಾಗದಗಳನ್ನು ಜಿಲೇಬಿ ಸಾಲು ಅನ್ನುತ್ತಿದ್ದರಲ್ಲ, ಅದು ನೆನಪಾಯಿತು. ಪುಣ್ಯಾತ್ಮಳು ಚಂದ್ರವ್ವ ಟೀಚರ್. ಮನೆಯಲ್ಲಿ ಆಡುವುದು ಉರ್ದುವಾದರೂ ಅಕ್ಷರ ಮಾತ್ರ ಕನ್ನಡದ್ದು, ನಮಗಿಬ್ಬರಿಗೂ ಅವರ ಬೆತ್ತದಿಂದಲೇ ಬಂದದ್ದು. ಆ ಏಟು ಬೀಳದೆ ಇದ್ದಿದ್ದರೆ ನಿನ್ನ ಅತ್ತೆಯ ವಿಷಯ ನೀನು ಇಪ್ಪತ್ತೇಳು ವರ್ಷ ಯಾರ ಹತ್ತಿರ ಹೇಳಿಕೊಳ್ಳುತ್ತಿದ್ದೆ? ನಿನ್ನ ಮನೆಯಲ್ಲಿ ಈ ಕಾಗದವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಹೋದರೂ ಓದುವವರಿಲ್ಲ. ಅಂಥ ಸುಖ ನನಗಿಲ್ಲ, ಇಲ್ಲಿ ಮಜೀದ್ ಭಾಯಿಯ ಮಕ್ಕಳು ಕಾಗದ ಬಂದರೆ ನನಗಿಂತ ಮೊದಲೇ ಓದಿ ಮುಗಿಸಿರುತ್ತಾರೆ.

ಊರಿನ ಸುದ್ದಿ ಅಂದರೆ, ಎಲೆಕ್ಷನ್ ಮುಗಿದು ಹೊಸ ಸರ್ಕಾರ ಬಂದಿದೆ. ನನಗೆ ಅಮೃತಹಳ್ಳಿ ಶಾಲೆಯಲ್ಲಿ ಡ್ಯೂಟಿ ಹಾಕಿದ್ದರು, ಬೆರಳಿಗೆ ಶಾಯಿ ಹಚ್ಚಿ ಹಚ್ಚಿ ನನ್ನ ಕೈಯೇ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ರೈಲು ಗಾಲಿ ಮಾಡುವ ಕಾರ್ಖಾನೆಯ ಕೆಲಸ ಜೋರಾಗಿ ನಡೆದಿದೆ, ಬಾಡಿಗೆ ಮನೆಗಳಿಗೆಲ್ಲ ರೆಕ್ಕೆ ಬಂದಿದೆ. ನಮ್ಮ ಹಿಂದಿನ ಎರಡು ಕೋಣೆಯಲ್ಲಿ ಇನ್ನೂ ಅದೇ ಕಾಶಿನಾಥ ಇದ್ದಾರೆ, ನಿನಗೆ ಖಡಕ್ ರೊಟ್ಟಿ ತಂದುಕೊಡುತ್ತಿದ್ದರಲ್ಲ, ಬಿಜಾಪುರದ ಕಡೆಯವರು, ವಿಧಾನಸೌಧದಲ್ಲಿ ಗುಮಾಸ್ತರು. ಮಜೀದ್ ಭಾಯಿಗೆ ಈ ಸಲ ದ್ರಾಕ್ಷಿ ಕೈ ಹತ್ತಿದೆ, ಅದಕ್ಕೇ ಮೀಸೆ ಸ್ವಲ್ಪ ಮೇಲಕ್ಕೆ ತಿರುಗಿದೆ. ಜಕ್ಕೂರಿನ ಆ ಚಿಕ್ಕ ವಿಮಾನ ಈಗಲೂ ನಾನು ಪಾಠ ಶುರು ಮಾಡಿದ ಹೊತ್ತಿಗೇ ಸರಿಯಾಗಿ ಶಾಲೆಯ ಮೇಲೆ ಬರುತ್ತದೆ.

ಈಗ ನಿನ್ನ ಕಾಗದದ ವಿಷಯಕ್ಕೆ ಬರುತ್ತೇನೆ. ಮಗ ವಾಜಿದ್ ಬದಲಾಗಿದ್ದಾನೆ ಅಂತ ಬರೆದಿದ್ದೀಯ. ನಿನ್ನ ಹತ್ತಿರ ಕೂರುವುದಿಲ್ಲ, ಮಾತಾಡಿಸಿದರೆ ಹಾಂ ಹೂಂ ಅಂತ ಎದ್ದು ಹೋಗುತ್ತಾನೆ, ರಂಜಾನ್ ಹಬ್ಬ ಮುಗಿದ ಮೇಲೆ ಒಂದು ದಿನವೂ ನಿನ್ನ ಕೈ ಅಡುಗೆ ಮುಟ್ಟಿಲ್ಲ, ತಟ್ಟೆ ಮುಂದಿಟ್ಟರೆ ಸರಿಸಿ ಅಂಗಡಿಗೆ ಹೋಗುತ್ತಾನೆ ಅಂತ. ಅವನು ಮುಟ್ಟದೆ ಇದ್ದರೂ ಮಧ್ಯಾಹ್ನಕ್ಕೆ ಪಾತ್ರೆ ಖಾಲಿಯಾಗಿರುತ್ತದೆ, ಸೊಸೆ ಎಲ್ಲವನ್ನೂ ಬೀದಿ ನಾಯಿಗೆ ಸುರಿಯುತ್ತಾಳೆ ಅಂತಲೂ ಬರೆದಿದ್ದೀಯ. ಆ ಜಾಗದಲ್ಲಿ ಶಾಯಿ ಕಲೆಸಿಹೋಗಿತ್ತು. ನೀನು ಅತ್ತಿದ್ದೆ ಅಂತ ಅಮ್ಮಿಗೆ ಹೇಳಲಿಲ್ಲ, ಕಾಗದ ಮಳೆಯಲ್ಲಿ ನೆನೆದಿದೆ ಅಂದೆ. ಜನವರಿಯಲ್ಲಿ ಎಂಥ ಮಳೆ ಅಂತ ಕೇಳಿದಳು. ಇದಕ್ಕೆ ಏನು ಉತ್ತರ ಬರೆಯಲಿ ಆಪಾ? ಇಲ್ಲಿ ಎರಡು ಸಾಲು ಬರೆದು ಹೊಡೆದುಹಾಕಿದ್ದು ನಿನಗೆ ಕಾಣುತ್ತಿರಬೇಕು. ಮಕ್ಕಳು ದೊಡ್ಡವರಾದ ಮೇಲೆ ಬದಲಾಗುತ್ತಾರೆ, ಅಷ್ಟೇ. ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಆದರೂ ಅವನು ಇಲ್ಲಿಗೆ ಬಂದದ್ದನ್ನು ನೆನೆಸಿಕೊಳ್ಳದೆ ಇರಲು ಆಗುವುದಿಲ್ಲ. ಎರಡು ವರ್ಷದ ಹಿಂದೆ, ಭಾವ ತೀರಿಕೊಂಡು ವರ್ಷದ ಫಾತಿಹಾ ಮುಗಿದ ಮೇಲೆ, ಅವನೇ ತಾನೇ ನಿನ್ನನ್ನು ಕೈ ಹಿಡಿದು ಕರೆದುಕೊಂಡು ಬಂದದ್ದು. ಅವರೆಕಾಯಿಯ ಕಾಲ. ಸಂತೆಯಲ್ಲಿ ವೆಂಕಟಸ್ವಾಮಿಯ ರಾಶಿ ಮುಂದೆ ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿ ಚೌಕಾಶಿಗೆ ನಿಂತೆ. ಅವನು, "ಇಂಗೆ ಕೇಳುದ್ರೆ ಎಂಗಮ್ಮಾ? ನಮ್ ಒಟ್ಟೆಗೂ ಇಟ್ಟು ಬೀಳ್ಬೇಕಲ್ವಾ?" ಅಂದ. ನೀನು ಒಂದು ಕಾಯಿ ಮುರಿದು ಮೂಸಿ, "ಸೊಗಡೇ ಇಲ್ಲ, ಇದನ್ನ ಅವರೆಕಾಯಿ ಅಂತ ಯಾರಯ್ಯಾ ಹೇಳಿದ್ದು ನಿಂಗೆ?" ಅಂದೆ. ಆಮೇಲೆ ಅವನು ನಿನ್ನ ಗುರುತು ಹಿಡಿದು, "ಓಹೋ, ಸಾಬರ ಮನೆ ದೊಡ್ಡಮ್ಮಯ್ಯ ಅಲ್ವಾ ನೀವು!" ಅಂತ ಹಣ ಬೇಡ ಅಂದದ್ದು, ನೀನು ಬಲವಂತವಾಗಿ ಕೊಟ್ಟದ್ದು, ಇಬ್ಬರೂ ನಕ್ಕದ್ದು! ಸಂತೆಯೇ ತಿರುಗಿ ನೋಡಿತು. ವಾಜಿದ್ ಚೀಲ ಹಿಡಿದುಕೊಂಡು ಬಾಯಿ ಬಿಟ್ಟು ನಿಂತಿದ್ದ. ದಾರಿಯಲ್ಲಿ ನನ್ನ ಹತ್ತಿರ ಬಂದು, "ಖಾಲಾ, ಅಮ್ಮಿ ಇಷ್ಟು ಜೋರಾಗಿ ನಗ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ" ಅಂದ. ನಿನಗೆ ಇದನ್ನು ಹೇಳಿದ್ದೆನೋ ಇಲ್ಲವೋ. ಆವತ್ತೇ ಅವನು ಮಜೀದ್ ಭಾಯಿಯನ್ನು ಕೂರಿಸಿಕೊಂಡು, ತನ್ನ ಅಮ್ಮಿ ಇಲ್ಲೇ ಇರುವ ಹಾಗೆ ಏನಾದರೂ ಮಾಡಲು ಆಗುತ್ತದೆಯೇ ಅಂತ ಕೇಳಿದ್ದು.

ಆಗುತ್ತಿತ್ತು ಆಪಾ. ಕೆಡಿಸಿದ್ದು ನೀನು! ನೀನು ಬೇಜಾರು ಮಾಡಿಕೊಂಡರೂ ಸರಿ, ಈ ಮಾತನ್ನು ನಾನು ವರ್ಷಕ್ಕೊಮ್ಮೆಯಾದರೂ ಆಡುವವಳೇ. ಇಲ್ಲೇ ಉಳಿಯಲು ಅನುಮತಿ ಕೇಳಲು ಹೋದ ಆಫೀಸಿನಲ್ಲಿ ಆ ಸಾಹೇಬರು ಒಳ್ಳೆಯವರು, ನಿನಗೆ ಕುರ್ಚಿ ಕೊಟ್ಟು, ನೀರು ತರಿಸಿ ಆಮೇಲೆ ತಾನೇ ಕೇಳಿದ್ದು, "ಅಲ್ಲಿ ನಿಮ್ಮನ್ನ ನೋಡ್ಕೊಳ್ಳೋರು ಯಾರಿದಾರಮ್ಮಾ?" ಅಂತ. ಇಲ್ಲ ಅನ್ನು, ತಲೆ ತಗ್ಗಿಸು, ಏನೂ ಬೇಡ, ಸುಮ್ಮನೆ ಇರು ಅಂತ ಮಜೀದ್ ಭಾಯಿ ಬಸ್ಸಿನಲ್ಲಿ ಹೆಬ್ಬಾಳದಿಂದ ಹೇಳಿಕೊಂಡು ಬಂದಿದ್ದ. ನೀನೋ ಬೆನ್ನು ನೆಟ್ಟಗೆ ಮಾಡಿಕೊಂಡು, "ಯಾರಿದಾರೆ ಅಂದ್ರೇನು ಸಾರ್? ನನ್ ಮಗ ಇದಾನಲ್ಲ! ಮಾಷಾ ಅಲ್ಲಾ, ಅಂಗೈಲಿಟ್ಟು ನೋಡ್ಕೋತಾನೆ. ಅಂಥ ಮಗ ಲಕ್ಷಕ್ಕೊಬ್ಬ" ಅಂದೆ. ಅಷ್ಟಕ್ಕೇ ನಿಲ್ಲಿಸಿದೆಯಾ? ಚೀಲದಿಂದ ಫೋಟೋ ಬೇರೆ ತೆಗೆದು ತೋರಿಸಿದೆ. ಸಾಹೇಬರು ನಕ್ಕು, "ಇಂಥ ಮಗನ್ನ ಬಿಟ್ಟು ಇಲ್ಲಿ ಯಾಕಮ್ಮಾ ಇರ್ತೀರಾ?" ಅಂತ ಹೇಳಿ ಬರೆದುಕೊಂಡರು. ಹೊರಗೆ ಬೆಂಚಿನ ಮೇಲೆ ಮಜೀದ್ ಭಾಯಿ ತಲೆ ಚಚ್ಚಿಕೊಂಡ. ನಾನು ನಿನ್ನನ್ನು ಬೈದೆ. ಆದರೆ ಮನೆಗೆ ಬಂದಾಗ ಅಮ್ಮಿ ಒಬ್ಬಳೇ, "ಮತ್ತಿನ್ನೇನು ಹೇಳ್ಬೇಕಿತ್ತು? ಹೊರಗಿನವರ ಮುಂದೆ ಹೆತ್ತ ಮಗನ್ನ ಬಿಟ್ಟುಕೊಡೋಕಾಗುತ್ತಾ?" ಅಂತ ನಿನ್ನ ಪರ ನಿಂತಳು. ನಮ್ಮ ಮನೆಯ ಹೆಂಗಸರಿಗೆ ಬಂದಿರುವ ರೋಗವೇ ಇದು. ಒಳಗೆ ಉಪವಾಸವಿದ್ದರೂ ಹೊಸಿಲ ಆಚೆ ಬಿರಿಯಾನಿಯ ಮಾತು.

ಅದೆಲ್ಲ ಆದದ್ದಾಯಿತು. ಈಗ ಇನ್ನೊಂದು ಬಾಗಿಲು ಸ್ವಲ್ಪ ತೆರೆದಿದೆ, ಅದಕ್ಕೇ ಇಷ್ಟು ಉದ್ದದ ಕಾಗದ. ಮೊದಲಿನ ಬಿಗಿ ಈಗಿಲ್ಲ, ಹೊಸ ಆದೇಶ ಬಂದಿದೆ ಅಂತ ಕಾಶಿನಾಥ ವಿಚಾರಿಸಿಕೊಂಡು ಬಂದರು. ಅವರ ಮಾತಿನಲ್ಲೇ ಹೇಳುತ್ತೇನೆ: "ನೋಡ್ರಿ ಅಕ್ಕಾರ, ಇಲ್ಲೇ ಹುಟ್ಟಿದಾಕಿ, ಗಂಡ ಸತ್ತಾಕಿ, ಅಲ್ಲಿ ನೋಡ್ಕೊಳ್ಳಾಕ ಗಂಡಸ್ರು ಯಾರೂ ಇಲ್ಲಂದ್ರ ಇಲ್ಲಿ ಇರಾಕ ಬಿಡ್ತಾರ್ರಿ. ಆದ್ರ ಮಗ ನೋಡ್ಕೋತಾನ ಅಂದ್ರ ಮುಗೀತು, ಫೈಲು ಮತ್ತ ಗೂಟಕ್ಕ." ಮೊದಲು ಒಂದು ವರ್ಷಕ್ಕೆ ಬಿಡುತ್ತಾರಂತೆ. ವರ್ಷ ವರ್ಷ ಹೊಸದು ಮಾಡಿಸಬೇಕು. ಯಲಹಂಕ ಬಿಟ್ಟು ಹೋಗುವುದಾದರೆ ಸ್ಟೇಷನ್ನಿಗೆ ಹೇಳಬೇಕು. ಇದೇ ಬೀದಿಯಲ್ಲಿ ಹುಟ್ಟಿ, ಇದೇ ಕೆರೆಯಲ್ಲಿ ಬಟ್ಟೆ ಒಗೆದವಳು ಯಶವಂತಪುರದ ಮೈದುನನ ಮನೆಗೆ ಹೋಗಿ ಬರ್ತೀನಿ ಸಾರ್ ಅಂತ ಪೊಲೀಸಿನವರಿಗೆ ಹೇಳಿ ಹೋಗಬೇಕು. ನನಗೆ ಕೇಳಿದ ತಕ್ಷಣ ಮೈ ಉರಿಯಿತು. ಆದರೆ ಹಾಗೆ ಕೆಲವು ವರ್ಷ ಕಳೆದರೆ ಮತ್ತೆ ಇಲ್ಲಿನವಳು ಅಂತಲೇ ಬರೆದುಕೊಳ್ಳುತ್ತಾರೆ, ಆಮೇಲೆ ಯಾರೂ ನಿನ್ನನ್ನು ಎಬ್ಬಿಸುವ ಹಾಗಿಲ್ಲ.

ಇದರಲ್ಲಿ ಕಹಿಯೂ ಇದೆ, ಮುಚ್ಚಿಡುವುದಿಲ್ಲ. ಆ ವರ್ಷಗಳಲ್ಲಿ ನೀನು ಕರಾಚಿಗೆ ಹೋಗಿ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ ಅನ್ನುತ್ತಾರೆ ಕಾಶಿನಾಥ. ವಾಜಿದ್ ಇಲ್ಲಿಗೆ ಬರಬಹುದು, ಆದರೆ ಅವನಿಗೆ ವೀಸಾ ಯಾವಾಗ ಸಿಗುತ್ತದೆ, ಸಿಗುತ್ತದೋ ಇಲ್ಲವೋ, ಅದು ಎರಡು ಸರ್ಕಾರಗಳ ಮನಸ್ಸು ಆವತ್ತು ಹೇಗಿದೆ ಅನ್ನುವುದರ ಮೇಲೆ. ಮೊಮ್ಮಗು ಹುಟ್ಟಿದರೆ ಫೋಟೋದಲ್ಲಿ ನೋಡಬೇಕು. ಇದನ್ನೆಲ್ಲ ಯೋಚಿಸಿ ನೀನು ಬರುವುದಿಲ್ಲ ಅಂದರೆ ನಾನು ಕೋಪ ಮಾಡಿಕೊಳ್ಳುವುದಿಲ್ಲ, ಸುಳ್ಳು, ಮಾಡಿಕೊಳ್ಳುತ್ತೇನೆ, ಆದರೆ ಅರ್ಥವೂ ಮಾಡಿಕೊಳ್ಳುತ್ತೇನೆ. ನೀನೇ ತಾನೇ ಬರೆದದ್ದು, ಈಗ ಆ ಊರಲ್ಲಿ ನನ್ನನ್ನು ಹಿಡಿದಿಡುವುದು ಏನೂ ಇಲ್ಲ, ಸಾಯುವುದಾದರೂ ಅಮ್ಮಿಯ ಊರಲ್ಲಿ ಸಾಯುತ್ತೇನೆ ಅಂತ. ಸಾಯುವ ಮಾತು ಬಿಡು. ಬದುಕುವುದಕ್ಕೆ ಬಾ. ನಿನ್ನ ಮಂಚಕ್ಕೆ ಹೊಸ ನವಾರು ಹೆಣೆಸಿದ್ದೇವೆ. ಅದರ ಮೇಲೆ ಅಮ್ಮಿ ಬೆಕ್ಕನ್ನೂ ಕೂರಲು ಬಿಡುವುದಿಲ್ಲ.

ಹೋದ ರಂಜಾನಿನಲ್ಲಿ ನೀನು ಹಾಕಿದ ಅರ್ಜಿಗೆ ಮುಂದಿನ ತಿಂಗಳು ಕರಾಚಿಯಲ್ಲಿರುವ ನಮ್ಮ ದೇಶದ ಆಫೀಸಿನಲ್ಲಿ ನಿನ್ನನ್ನು ಕರೆಯುತ್ತಾರೆ. ಅದೇ ಪ್ರಶ್ನೆ ಮತ್ತೆ ಕೇಳುತ್ತಾರೆ. ಈ ಸಲ ಇದ್ದದ್ದನ್ನು ಇದ್ದ ಹಾಗೆ ಹೇಳು. ಮಗ ಮಾತಾಡಿಸುವುದಿಲ್ಲ, ನಾನು ಮಾಡಿದ್ದನ್ನು ತಿನ್ನುವುದಿಲ್ಲ, ಅಷ್ಟು ಹೇಳಿದರೆ ಸಾಕು. ಇದರಲ್ಲಿ ಸುಳ್ಳೇನಿಲ್ಲ, ನೀನೇ ನನಗೆ ಬರೆದಿರುವ ಮಾತು. ಅಮ್ಮಿಯ ಮಾತು ಕೇಳಿ ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಹೋಗಬೇಡ. ಫೋಟೋ ಮನೆಯಲ್ಲೇ ಬಿಟ್ಟು ಹೋಗು.

ಚಾಚಾನ ಕೈಯಲ್ಲಿ ಹಿದುಕಿದ ಅವರೆಬೇಳೆ ಒಣಗಿಸಿ ಕಳಿಸಿದ್ದೇನೆ. ವೆಂಕಟಸ್ವಾಮಿಯ ಕಾಯಿಯೇ, ಈ ವರ್ಷ ಸೊಗಡು ಚೆನ್ನಾಗಿದೆ. ನೆನೆಹಾಕಿ ಕೈಮಾ ಜೊತೆ ಮಾಡು. ಅಮ್ಮಿ, ನಾನು, ಭಾಭಿ ಮೂವರೂ ಕೂತು ಹಿದುಕಿದ್ದು, ಅಮ್ಮಿಗೆ ಕಣ್ಣು ಕಾಣದೆ ಇದ್ದರೂ ಬೆರಳಿಗೆ ಮರೆತಿಲ್ಲ. ಅವಳು ನಿನಗೆ ಸಾವಿರ ದುವಾ ಹೇಳಿದ್ದಾಳೆ, ಎಲ್ಲವನ್ನೂ ಬರೆಯುತ್ತಾ ಕೂತರೆ ಚಾಚಾನ ಗಾಡಿ ತಪ್ಪುತ್ತದೆ. ಮಜೀದ್ ಭಾಯಿ, ಭಾಭಿ, ಮಕ್ಕಳು, ಹಿಂದಿನ ಮನೆಯ ಕಾಶಿನಾಥ, ಎಲ್ಲರೂ ಕೇಳಿದ್ದಾರೆ. ಅಲ್ಲಾ ನಿನ್ನ ಮಂಡಿಯನ್ನೂ ನಿನ್ನನ್ನೂ ಕಾಪಾಡಲಿ.

ನಿನ್ನ ಬಾಯಿಬಡಕಿ ತಂಗಿ,
ತಾಹೆರಾ

ತಾ.ಕ.: ಕವರಿಗೆ ಅಂಟು ಹಚ್ಚಿ ಆಗಿತ್ತು, ಕಿತ್ತಿದ್ದೇನೆ. ಚಾಚಾ ನಮಾಜಿಗೆ ಮಸೀದಿಗೆ ಹೋಗಿದ್ದಾರೆ. ಹೊರಗೆ ಮಜೀದ್ ಭಾಯಿ ಸ್ಟೇಷನ್ನಿಗೆ ಬಿಡಲು ದ್ರಾಕ್ಷಿ ಟೆಂಪೋ ತಂದು ಹಾರನ್ ಮೇಲೆ ಕೈ ಇಟ್ಟವನು ತೆಗೆದಿಲ್ಲ. ಅಕ್ಷರ ಅಂಕುಡೊಂಕಾದರೆ ಚಂದ್ರವ್ವ ಟೀಚರ್ ಕ್ಷಮಿಸಲಿ.

ಆಪಾ, ವಾಜಿದ್ ಬದಲಾಗಿಲ್ಲ. ನೀನು ಆ ಆಫೀಸಿನಲ್ಲಿ ಮತ್ತೆ ಅವನನ್ನು ಹೊಗಳುತ್ತೀಯ ಅಂತ ಅವನಿಗೆ ಗೊತ್ತು, ನಿನಗೆ ಸುಳ್ಳು ಹೇಳಲು ಬರುವುದಿಲ್ಲ ಅಂತಲೂ ಗೊತ್ತು. ಅದಕ್ಕೇ, ಮಗ ನೋಡಿಕೊಳ್ಳುವುದಿಲ್ಲ ಅಂತ ನೀನು ಹೇಳುವುದು ನಿಜವೇ ಆಗಲಿ ಅಂತ ಹೀಗೆ ಮಾಡುತ್ತಿದ್ದಾನೆ. ರಂಜಾನ್ ಹಬ್ಬದ ಮಾರನೆಯ ದಿನದಿಂದ. ಬೇಕು ಅಂತಲೇ ನಿನ್ನ ಹತ್ತಿರ ಕೂರುವುದಿಲ್ಲ. ಬೇಕು ಅಂತಲೇ ಮುಖ ತಿರುಗಿಸುತ್ತಾನೆ. ಅಮ್ಮಿಯನ್ನು ಸಾಕಲು ನನ್ನಿಂದ ಆಗುವುದಿಲ್ಲ ಅಂತ ಆಫೀಸಿಗೆ ಬರೆದು ರುಜುವನ್ನೂ ಹಾಕಿದ್ದಾನಂತೆ. ಹಾಕಿ ಬಂದು ಚಾಚಾನ ಅಂಗಡಿಯಲ್ಲಿ ಕೂತು ಮಗುವಿನ ಹಾಗೆ ಅತ್ತನಂತೆ. "ಬೀದಿಯವರು ತಾಯಿಯನ್ನ ಓಡಿಸಿದವನು ಅಂತ ಉಗುಳಲಿ ಚಾಚಾ, ಸಂತೆಯಲ್ಲಿ ಅವಳು ನಕ್ಕಿದ್ದನ್ನ ಅವರು ನೋಡಿಲ್ಲ" ಅಂದನಂತೆ. ಇದನ್ನು ನಿನಗೆ ತಿಳಿಸಬಾರದು ಅಂತ ನನ್ನ ಕೈಲಿ ಆಣೆ ಹಾಕಿಸಿಕೊಳ್ಳಲು ಚಾಚಾಗೆ ಹೇಳಿ ಕಳಿಸಿದ್ದ. ನಾನು ಹಾಕಿದೆ. ಆದರೆ ಹಾಕಿದ್ದು ಉರ್ದುವಿನಲ್ಲಿ. ಕನ್ನಡದಲ್ಲಿ ಬರೆಯುವುದಿಲ್ಲ ಅಂತ ನಾನು ಯಾರಿಗೂ ಮಾತು ಕೊಟ್ಟಿಲ್ಲ.

ಮಗ ಬೇಡ ಅಂದ ಅನ್ನುವ ಸಂಕಟ ಹೊತ್ತುಕೊಂಡು ನೀನು ಈ ಮನೆಯ ಹೊಸಿಲು ದಾಟುವುದನ್ನು ನನ್ನಿಂದ ನೋಡಲು ಆಗುವುದಿಲ್ಲ, ಅಷ್ಟೇ. ಅವನು ಪಾಪಚ್ಚಿ ಜಾಣನೇ, ಆದರೆ ತಾಯಂದಿರ ವಿಷಯ ಅವನಿಗೆ ಏನು ಗೊತ್ತು. ಈಗ ನಿನಗೆ ಗೊತ್ತಾಗಿದೆ, ಇನ್ನು ನಿನ್ನ ಬಾಯಿಯದೇ ನನಗೆ ಭಯ. ಆಫೀಸಿನಲ್ಲಿ ಮಗ ನೋಡಿಕೊಳ್ಳುತ್ತಾನಾ ಅಂತ ಕೇಳಿದಾಗ ನಿನ್ನ ಜನ್ಮದಲ್ಲಿ ಒಂದು ಸಲ, ಒಂದೇ ಒಂದು ಸಲ, ತಲೆ ತಗ್ಗಿಸಿಕೊಂಡು ಸುಮ್ಮನಿರು. ಅಳು ಬಂದರೆ ಅಳು, ಯಾಕೆ ಅಂತ ಅವರಿಗೆ ಹೇಳಬೇಕಾಗಿಲ್ಲ. ವಾಜಿದ್‌ಗೂ ಗೊತ್ತಾದ ಹಾಗೆ ತೋರಿಸಿಕೊಳ್ಳಬೇಡ, ಅವನ ಕಷ್ಟವೆಲ್ಲ ನೀರಿನಲ್ಲಿ ಹೋಮವಾಗುತ್ತದೆ.

ನಿನ್ನ ಸೊಸೆಯ ಮೇಲೆ ತಪ್ಪು ತಿಳಿಯಬೇಡ. ನಾಯಿಗೆ ಹಾಕುತ್ತಿಲ್ಲ ಅವಳು. ದಿನಾ ನೀನು ಮಾಡಿದ್ದನ್ನು ಡಬ್ಬಿಗೆ ತುಂಬಿ ಅಂಗಡಿಗೆ ಕಳಿಸುತ್ತಾಳೆ. ಅವನು ಶೆಟರ್ ಅರ್ಧ ಎಳೆದುಕೊಂಡು ಕೂತು ತಿನ್ನುತ್ತಾನೆ, ಡಬ್ಬಿಯನ್ನು ಬೆರಳು ಹಾಕಿ ಒರೆಸಿ ತಿನ್ನುತ್ತಾನೆ ಅಂತ ಚಾಚಾ ಹೇಳಿದರು.

ಅವರೆಬೇಳೆಯನ್ನು ಕೈಗೆ ಸಿಕ್ಕ ದಿನವೇ ಮಾಡಿ ಅವನ ಮುಂದೆ ತಟ್ಟೆ ಇಡು. ಸರಿಸಿ ಎದ್ದು ಹೋಗುತ್ತಾನೆ. ಹೋಗಲಿ, ಕರೆಯಬೇಡ, ಸ್ವಲ್ಪ ಬೈದುಕೊಂಡರೂ ಸರಿ. ಆಮೇಲೆ ನೀನು ಬಡಿಸಿಕೊಳ್ಳುವಾಗ ಪಾತ್ರೆಯಲ್ಲಿ ಅವನಿಗೆ ಸ್ವಲ್ಪ ಜಾಸ್ತಿಯೇ ಉಳಿಸು.